ನೂರಕ್ಕೆ ಐದು

ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ದೊಡ್ಡಪ್ಪನಿಗೆ ಓದಿ ಹೇಳಬೇಕಾದವನು ನಾನು. ಯಕೃತ್ತಿನ ಗೆಡ್ಡೆಗೆ ವಿಕಿರಣ ಕೊಡುವಾಗ ಚೆನ್ನಾಗಿರುವ ಭಾಗಕ್ಕೂ ಹಾನಿಯಾಗಬಹುದು, ಅಪರೂಪಕ್ಕೆ ಅದು ಪ್ರಾಣಕ್ಕೇ ಕುತ್ತಾಗಬಹುದು ಎಂಬ ಸಾಲನ್ನು "ಸ್ವಲ್ಪ ಸುಸ್ತಾಗುತ್ತಂತೆ" ಎಂದು ಕನ್ನಡಕ್ಕೆ ತಂದೆ. (ನನ್ನ ಪಿಎಚ್‌ಡಿ ವಿಷಯ ಭಾಷಾಂತರ.) ಅವರು ಸಹಿ ಹಾಕಿದರು. ವಿಜಯನಗರಕ್ಕೆ ಮೆಟ್ರೋದಲ್ಲಿ ವಾಪಸಾಗುವಾಗ, ಬೆಳಗಿನಿಂದ ಓಡಾಡಿದ್ದೀಯ ಎಂದು, ಸಿಕ್ಕ ಒಂದೇ ಸೀಟಿನಲ್ಲಿ ನನ್ನನ್ನು ಕೂರಿಸಿದರು.

ಯಕೃತ್ತು ವಿಕಿರಣಕ್ಕೆ ಅಷ್ಟಾಗಿ ಜಗ್ಗದ ಅಂಗ ಎಂದು ವೈದ್ಯರೇ ಬಹುಕಾಲ ನಂಬಿದ್ದರು. 1965ರಲ್ಲಿ ಸ್ಟ್ಯಾನ್‌ಫರ್ಡ್‌ನ ವೈದ್ಯರು ತಮ್ಮ ರೋಗಿಗಳ ವಿವರ ಪ್ರಕಟಿಸಿದ ಮೇಲೆ ಆ ನಂಬಿಕೆ ಉಳಿಯಲಿಲ್ಲ. ಚಿಕಿತ್ಸೆ ಮುಗಿದ ಎರಡು ವಾರದಿಂದ ಮೂರ್ನಾಲ್ಕು ತಿಂಗಳೊಳಗೆ ಯಕೃತ್ತಿನ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುತ್ತವೆ, ಅದು ಊದಿಕೊಳ್ಳುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಕಾಮಾಲೆ ಕಾಣದೆಯೂ ಇರಬಹುದು. ನೀರಿಳಿಸುತ್ತಾ ಕಾಯುವುದೇ ಮುಖ್ಯ ಚಿಕಿತ್ಸೆ. ಹಾಗಾಗಿಯೇ ದಿನಕ್ಕೆ 2 ಗ್ರೇಯಂತೆ ಕೊಡುವಾಗ, ಗೆಡ್ಡೆ ಬಿಟ್ಟು ಉಳಿದ ಯಕೃತ್ತಿಗೆ ಸರಾಸರಿ 28 ಗ್ರೇ ದಾಟದಂತೆ ನೋಡಿಕೊಳ್ಳಬೇಕು ಎಂಬ ಮಾರ್ಗಸೂಚಿ 2010ರಲ್ಲಿ ಬಂತು. ಆಗ ಅಪಾಯ ನೂರಕ್ಕೆ ಐದರೊಳಗೆ.

ಆದರೆ ಅದು ನೂರು ಜನರ ಲೆಕ್ಕ. ಒಬ್ಬನ ಹೊಟ್ಟೆಯಲ್ಲಿ ನೂರಕ್ಕೆ ಐದರಷ್ಟು ನೀರು ತುಂಬುವುದಿಲ್ಲ. ತುಂಬುತ್ತದೆ, ಇಲ್ಲವೇ ಇಲ್ಲ.

ವೈದ್ಯರು ಬಯಸುವುದು ಗೆಡ್ಡೆಯ ನಾಶವನ್ನು. ಹಾನಿ ಅವರಿಗೆ ಗೊತ್ತಿರುತ್ತದೆ, ಬೇಕಾಗಿರುವುದಿಲ್ಲ. ಈ ವ್ಯತ್ಯಾಸವನ್ನು ನೀತಿಶಾಸ್ತ್ರ ಒಪ್ಪುತ್ತದೆ, ನಾನೂ ಒಪ್ಪುತ್ತೇನೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ (2008) ಸುಪ್ರೀಂ ಕೋರ್ಟು, ಸಾಕಷ್ಟು ಮಾಹಿತಿ ಕೊಡಲೇಬೇಕು, ಆದರೆ ರೋಗಿಯನ್ನು ಹೆದರಿಸಿ ಅಗತ್ಯ ಚಿಕಿತ್ಸೆಯನ್ನೇ ಬಿಡಿಸುವಂಥ ದೂರದ ಅಪಾಯಗಳನ್ನೆಲ್ಲ ವಿವರಿಸಬೇಕಿಲ್ಲ ಎಂದಿತು. ಆ ರಿಯಾಯಿತಿ ವೈದ್ಯರಿಗೆ. ತಮ್ಮನ ಮಗನಿಗಲ್ಲ. ಅದೂ ಅಲ್ಲದೆ ಇಲ್ಲಿ ವೈದ್ಯರು ಮುಚ್ಚಿಟ್ಟಿರಲಿಲ್ಲ, ಬರೆದೇ ಕೊಟ್ಟಿದ್ದರು.

ಅವರು ಹೆದರಿಯಾರು ಎಂದು ನಾನು ಸುಮ್ಮನಾದೆನೇ? ಬೇಡ ಎಂದುಬಿಟ್ಟಾರು ಎಂಬ ಭಯ ನನ್ನದು. ಅಂದರೆ ನಾನು ಮುಚ್ಚಿಟ್ಟದ್ದು ಅಪಾಯದ ಜೊತೆಗೆ, ಬೇಡ ಎನ್ನುವ ಅವರ ಅವಕಾಶವನ್ನೂ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಮೂವತ್ತು ವರ್ಷ ಲೇತ್ ನಡೆಸಿದ ಮನುಷ್ಯ. ಎಲ್ಲಿ ಒಂದು ಕೂದಲೆಳೆ ಹೆಚ್ಚು ಕಡೆದರೆ ಇಡೀ ತುಂಡು ಕೆಡುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು.

ಮೂರನೇ ತಿಂಗಳು ಪಂಚೆಯ ಗಂಟು ಸಡಿಲಿಸಿಕೊಳ್ಳುತ್ತಾ ಕೇಳಿದರು: "ಇದನ್ನೂ ಬರೆದಿದ್ರಾ ಅದರಲ್ಲಿ?"

"ಬರೆದಿದ್ರು."

ಫೈಲು ತಾ ಎಂದರು. ಈ ಸಲ ಪೂರ್ತಿ ಓದಿದೆ. ಒಂದು ಸಾಲನ್ನು ಎರಡು ಸಲ ಓದಿಸಿದರು.