ತಲೆಬರಹ ಮತ್ತು ಸತ್ಯಾಣುವ್ರತ

ಶ್ರಾವಕನ ಪಂಚಾಣುವ್ರತಗಳಲ್ಲಿ ಎರಡನೆಯದಾದ ಸತ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಕೂಟಲೇಖಕ್ರಿಯೆಯೂ ಒಂದು. ಅನ್ಯನು ಆಡದುದನ್ನು ಆಡಿದನೆಂದೂ ಮಾಡದುದನ್ನು ಮಾಡಿದನೆಂದೂ ವಂಚನೆಗಾಗಿ ಬರೆಯುವುದೇ ಕೂಟಲೇಖವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಸಾಲಪತ್ರ, ಲೆಕ್ಕದ ವಹಿಗಳಲ್ಲಿ ಈ ಎಚ್ಚರವನ್ನು ವ್ಯಾಪಾರಿ ಮನೆತನಗಳು ಬಲ್ಲವು. ಪತ್ರಿಕಾಲಯದಲ್ಲಿ ಕುಳಿತು ಸುದ್ದಿಗೆ ತಲೆಬರಹ ಕೊಡುವ ಉಪಸಂಪಾದಕನಿಗೂ ಅದು ಅಷ್ಟೇ ಸಲ್ಲುತ್ತದೆ.

ಅವನ ಕಷ್ಟ ಸಣ್ಣದಲ್ಲ. ಅಂಕಣದ ಅಗಲಕ್ಕೆ ಹೊಂದುವ ನಾಲ್ಕೈದು ಪದಗಳಲ್ಲಿ ಇಡೀ ವರದಿಯ ಸಾರ ಇಳಿಯಬೇಕು. ಓದುಗನ ಕಣ್ಣೂ ಅಲ್ಲಿ ನಿಲ್ಲಬೇಕು. ‘ಕಳ್ಳನ ಬಂಧನ’ ಎಂದರೆ ಎರಡೇ ಪದ. ‘ಕಳವು ಆರೋಪ: ಯುವಕನ ಬಂಧನ’ ಎಂದರೆ ನಾಲ್ಕು. ಸ್ಥಳ ಉಳಿಸಲೆಂದು ಬಿಟ್ಟ ‘ಆರೋಪ’ ಎಂಬ ಒಂದು ಪದದೊಡನೆ ನ್ಯಾಯಾಲಯದ ಕೆಲಸವೂ ಪತ್ರಿಕೆಯಲ್ಲೇ ಮುಗಿದುಹೋಗುತ್ತದೆ. ಮುಂದೆ ಆ ಯುವಕ ನಿರ್ದೋಷಿಯೆಂದು ಬಿಡುಗಡೆ ಹೊಂದಿದರೂ ಓಣಿಯ ಜನ ಮೊದಲಿನ ಎರಡು ಪದಗಳನ್ನೇ ನೆನಪಿಟ್ಟಿರುತ್ತಾರೆ.

ಹಾಗಾದರೆ ಚಿಕ್ಕ ಮಾತೆಲ್ಲವೂ ಅಸತ್ಯವೇ? ಅಲ್ಲ. ವಸ್ತುವಿನ ಒಂದು ಧರ್ಮವನ್ನು ಹೇಳುತ್ತ ಉಳಿದವನ್ನು ನಿರಾಕರಿಸದಿರುವುದು ನಯ. ಒಂದನ್ನೇ ಹಿಡಿದು ಉಳಿದವನ್ನು ಅಲ್ಲಗಳೆಯುವುದು ದುರ್ನಯ. ತಲೆಬರಹವು ಸ್ವಭಾವತಃ ಒಂದು ನಯ. ಅದು ಅಪೂರ್ಣವಾಗಿರುವುದು ದೋಷವಲ್ಲ; ಅಪೂರ್ಣವಾಗಿದ್ದೂ ತಾನೇ ಪೂರ್ಣವೆಂದು ಸಾರುವುದು ದೋಷ. ಸ್ಯಾದ್ವಾದದಲ್ಲಿ ‘ಸ್ಯಾತ್’ ಮಾಡುವ ಕೆಲಸವನ್ನೇ ತಲೆಬರಹದಲ್ಲಿ ‘ಆರೋಪ’, ‘ಶಂಕೆ’, ‘ಪೊಲೀಸರ ಹೇಳಿಕೆ’ ಎಂಬ ಪದಗಳು ಮಾಡುತ್ತವೆ.

ಹಳೆಯ ಕಲಾದಗಿ ಸೀಮೆಯ ಕಲ್ಲುಗಳೇ ಇದಕ್ಕೆ ಸಾಕ್ಷಿ. ಐಹೊಳೆಯ ಮೇಗುತಿ ಜಿನಾಲಯದಲ್ಲಿ ಕ್ರಿ.ಶ. 634ರಲ್ಲಿ ರವಿಕೀರ್ತಿಯು ಬರೆದ ಶಾಸನವು ಹರ್ಷನ ಹರ್ಷವೇ ಅಳಿಯಿತೆಂದು ಶ್ಲೇಷೆಯಾಡುತ್ತದೆ. ಪುಲಕೇಶಿಗೆ ಅಂಜಿ ಪಲ್ಲವ ದೊರೆ ಕಂಚಿಯ ಕೋಟೆಯೊಳಗೆ ಅಡಗಿದನೆನ್ನುತ್ತದೆ. ಯಾವ ಉಪಸಂಪಾದಕನೂ ಮೆಚ್ಚುವ ಚುರುಕು ಅದರಲ್ಲಿದೆ. ಕೆಲವೇ ವರ್ಷಗಳಲ್ಲಿ, 642ರ ಸುಮಾರಿಗೆ, ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ಗೆದ್ದು ಅಲ್ಲಿಯ ಬಂಡೆಯ ಮೇಲೆ ತನ್ನ ಶಾಸನವನ್ನು ಬರೆಯಿಸಿದನು. ಎರಡೂ ನಿಜ, ಒಂದನ್ನೇ ಓದಿದವನಿಗೆ ಅರ್ಧ ಚರಿತ್ರೆ ಮಾತ್ರ ದೊರೆಯುತ್ತದೆ.

ಇಂದಿನ ಬಾಗಲಕೋಟೆಗೆ ಇದು ಬರಿಯ ಪಾಂಡಿತ್ಯದ ಮಾತಲ್ಲ. 2010ರ ಡಿಸೆಂಬರಿನಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಸಮ್ಮತಿಸಿತು. ‘ಎತ್ತರಕ್ಕೆ ಅಸ್ತು’ ಎಂಬ ತಲೆಬರಹ ನೀರಿಗಾಗಿ ಕಾದ ರೈತನಿಗೆ ಹಬ್ಬ. ನದಿದಂಡೆಯ ಹಳ್ಳಿಗೆ ಅದೇ ಮುಳುಗಡೆಯ ವಾರ್ತೆ. ಎರಡೂ ನಯಗಳೇ. ಆದರೆ ‘ನಾಳೆಯೇ ಮುಳುಗಡೆ’ ಎಂದು ಭಯ ಹುಟ್ಟಿಸಿದರೆ ಅದು ದುರ್ನಯ. ಅದನ್ನು ನಂಬಿ ಒಬ್ಬ ಬಡವ ಹೊಲವನ್ನು ಅಗ್ಗಕ್ಕೆ ಮಾರಿದರೆ ಆ ಹಿಂಸೆಯಲ್ಲಿ ಲೇಖನಿಗೂ ಪಾಲುಂಟು.

ಸಪ್ಪೆಯಾಗಿ ಬರೆದರೆ ಯಾರು ಓದುತ್ತಾರೆಂಬ ಆಕ್ಷೇಪವುಂಟು. ಆದರೆ ತಲೆಬರಹಕ್ಕೆ ಬಲ ಬರುವುದು ಖಚಿತವಾದ ಕ್ರಿಯಾಪದದಿಂದ, ಊರಿನ ಹೆಸರಿನಿಂದ, ಸರಿಯಾದ ಅಂಕಿಯಿಂದ. ವರದಿಯಲ್ಲಿಲ್ಲದುದನ್ನು ತಲೆಬರಹದಲ್ಲಿ ತುರುಕಿ, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಚ್ಚಿದ ಮಾತ್ರಕ್ಕೆ ಅತಿಚಾರ ತಪ್ಪದು.

ಬಸದಿಯ ಟ್ರಸ್ಟುಗಳು ತಮ್ಮ ಪ್ರಕಟಣೆಗಳಿಗೂ, ಗೃಹಸ್ಥರು ಕೈಯಿಂದ ಕೈಗೆ ದಾಟಿಸುವ ವಾರ್ತೆಗೂ ಇದೇ ಅಳತೆಯನ್ನು ಹಿಡಿಯಬಹುದು: ಕೆಳಗಿನ ವರದಿಯನ್ನು ಪೂರ್ತಿ ಓದಿದವನು ತಲೆಬರಹವನ್ನು ಮತ್ತೊಮ್ಮೆ ನೋಡಿ, ತಾನು ಮೋಸಹೋಗಲಿಲ್ಲವೆಂದು ಒಪ್ಪುವನೇ? ಒಪ್ಪುವನಾದರೆ ಅದು ಭಾಷಾಸಮಿತಿಯನ್ನು ಮೀರದ ಬರಹ.