ತುರ್ತಿನ ಬಡ್ಡಿ

ಏಪ್ರಿಲ್ ನಡುವೆ ನಮ್ಮ ಆಫೀಸಿನಲ್ಲಿ ಒಂದು ದಿನ ಫೈರ್ ಡ್ರಿಲ್. ಸೈರನ್ ಕೂಗುತ್ತದೆ, ನಾವು ಚಹಾ ಕಪ್ ಹಿಡಿದುಕೊಂಡೇ ನಗುತ್ತಾ ಮೆಟ್ಟಿಲಿಳಿಯುತ್ತೇವೆ. ದೇಶದ ಅಗ್ನಿಶಾಮಕ ಸಪ್ತಾಹ ಏಪ್ರಿಲ್ 14ಕ್ಕೇ ಶುರುವಾಗುವುದಕ್ಕೆ ಕಾರಣ ಇದೇ ಮುಂಬಯಿಯ ಬಂದರಿನಲ್ಲಿ ಸಿಡಿದ ಒಂದು ಹಡಗು ಎಂಬುದು, ಈ ಊರಿಗೆ ಬಂದು ಎಷ್ಟೋ ವರ್ಷಗಳಾದ ಮೇಲೆ ನನಗೆ ತಿಳಿಯಿತು.

ಹಡಗಿನ ಹೆಸರು ಫೋರ್ಟ್ ಸ್ಟಿಕೀನ್. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಬ್ರಿಟನ್ನಿನ ಸರಕು ಹಡಗುಗಳನ್ನು ಒಂದೊಂದಾಗಿ ಮುಳುಗಿಸುತ್ತಿದ್ದವು. ಆ ನಷ್ಟ ತುಂಬಲು ಕೆನಡಾದಲ್ಲಿ ಒಂದೇ ನಮೂನೆಯ ಹಡಗುಗಳನ್ನು ಸಾಲಾಗಿ ಕಟ್ಟಿದರು. ಪ್ರಿನ್ಸ್ ರೂಪರ್ಟ್‌ನಲ್ಲಿ 1942ರಲ್ಲಿ ತಯಾರಾದ ಇದು ಅವುಗಳಲ್ಲೊಂದು.

1944ರ ಫೆಬ್ರವರಿಯಲ್ಲಿ ಸುಮಾರು 1,400 ಟನ್ ಸಿಡಿಮದ್ದು, ಯುದ್ಧವಿಮಾನಗಳು, ಚಿನ್ನದ ಗಟ್ಟಿಗಳನ್ನು ಹೊತ್ತು ಅದು ಇಂಗ್ಲೆಂಡ್ ಬಿಟ್ಟಿತು. ಕರಾಚಿಯಲ್ಲಿ ಖಾಲಿಯಾದ ಜಾಗಕ್ಕೆ ಸಾವಿರಾರು ಹತ್ತಿ ಬೇಲುಗಳು ಬಂದವು. ಯುದ್ಧಕಾಲ, ಜಾಗ ಖಾಲಿ ಬಿಡುವಂತಿಲ್ಲ. ಏಪ್ರಿಲ್ 12ರಂದು ಹಡಗು ವಿಕ್ಟೋರಿಯಾ ಡಾಕ್ ಸೇರಿತು. ಅಪಾಯದ ಸರಕಿದೆ ಎಂದು ಹೇಳುವ ಕೆಂಪು ಬಾವುಟ ಹಾರಿಸಲಿಲ್ಲ. ಎರಡು ದಿನ ಕಳೆದರೂ ಸಿಡಿಮದ್ದು ಇಳಿದಿರಲಿಲ್ಲ. 14ರ ಮಧ್ಯಾಹ್ನ ಹೊಗೆ ಕಾಣಿಸಿತು. ನಾಲ್ಕು ಗಂಟೆ ದಾಟುತ್ತಿದ್ದಂತೆ ಹಡಗು ಸಿಡಿಯಿತು; ಅರ್ಧ ಗಂಟೆಯೊಳಗೆ ಇನ್ನೊಮ್ಮೆ. ದೂರದ ಸಿಮ್ಲಾದ ಭೂಕಂಪಮಾಪಕದಲ್ಲೂ ಅದು ದಾಖಲಾಯಿತು. ಬೆಂಕಿ ಆರಿಸಲು ಹೋದವರಲ್ಲಿ 66 ಮಂದಿ ಸತ್ತರು. ಒಟ್ಟು ಸತ್ತವರು ಎಂಟುನೂರು ಎಂದು ಒಂದು ಲೆಕ್ಕ, ಅದಕ್ಕಿಂತ ಬಹಳ ಹೆಚ್ಚು ಎಂದು ಇನ್ನೊಂದು.

ಇದನ್ನೆಲ್ಲ ಓದುವಾಗ ತಪ್ಪು ಅವಸರದ್ದೇ ಎಂದುಕೊಂಡೆ. ಆಮೇಲೆ ಯೋಚಿಸಿದರೆ, ಇಲ್ಲಿ ಇದ್ದದ್ದು ಒಂದಲ್ಲ, ಎರಡು ಅವಸರ. ಕೆನಡಾದವರೂ ಅವಸರದಲ್ಲೇ ಕಟ್ಟಿದರು. ಆದರೆ ಅವರು ವಿನ್ಯಾಸ ಸರಳಗೊಳಿಸಿದರು, ದುಡಿಯುವ ಕೈಗಳನ್ನು ಹೆಚ್ಚಿಸಿದರು. ಹಡಗು ಸಾಗರ ದಾಟಿತು. ತುಂಬಿಸಿದವರ ಅವಸರ ಬೇರೆ: ಅದು ಏನನ್ನೂ ಸೇರಿಸಲಿಲ್ಲ, ಒಂದು ಎಚ್ಚರಿಕೆಯನ್ನು ಕಳೆಯಿತು. ಮೊದಲನೆಯದರ ಖರ್ಚನ್ನು ಅವಸರಪಟ್ಟವರೇ ಬೆವರಿನಲ್ಲಿ ಕೊಟ್ಟರು. ಎರಡನೆಯದರ ಬಡ್ಡಿ ಕಟ್ಟಿದವರು ಡಾಕಿನ ಕೂಲಿಗಳು, ಅಗ್ನಿಶಾಮಕದವರು, ಸುತ್ತಲ ಚಾಳುಗಳಲ್ಲಿ ಅಡುಗೆ ಮಾಡುತ್ತಿದ್ದವರು. ಅವರನ್ನು ಯಾರೂ ಕೇಳಿರಲಿಲ್ಲ. ಬಾವುಟವಿಲ್ಲದ್ದರಿಂದ ಅವರಿಗೆ ಗೊತ್ತಾಗುವ ದಾರಿಯೂ ಇರಲಿಲ್ಲ.

'ಯುದ್ಧ ಸೋತಿದ್ದರೆ?' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ತುರ್ತು ನಿಜವಾಗಿತ್ತು. ಕೆಲವು ಅಪಾಯಗಳನ್ನು ಮೈಮೇಲೆ ಎಳೆದುಕೊಳ್ಳಲೇಬೇಕಾಗುತ್ತದೆ. ಆದರೆ ಮೈಮೇಲೆ ಎಳೆದುಕೊಳ್ಳುವುದು ಬೇರೆ, ಪಕ್ಕದವನ ಮೈಮೇಲೆ ಹಾಕುವುದು ಬೇರೆ. ಎರಡಕ್ಕೂ ನಾವು 'ಅನಿವಾರ್ಯ' ಎಂಬ ಒಂದೇ ಹೆಸರಿಡುತ್ತೇವೆ.

ನಾನು ಗೋದಾಮುಗಳ ಸರಕಿನ ಲೆಕ್ಕ ನೋಡುವವನು. ಹೋದ ವರ್ಷ ಒಂದು ರಾತ್ರಿ, ಪರೀಕ್ಷೆಯಾಗದ ಸರಕಿನ ಕಾಗದಕ್ಕೆ 'ಅರ್ಜೆಂಟ್ ಇದೆ' ಎಂದ ಮಾತಿಗೆ ಸಹಿ ಹಾಕಿದೆ. ಏನೂ ಆಗಲಿಲ್ಲ. ಆಗದಿದ್ದದ್ದು ನನ್ನ ಪುಣ್ಯ, ನನ್ನ ವಿವೇಕವಲ್ಲ. ಅಂದು ಆ ಗೋದಾಮಿನಲ್ಲಿ ಮಲಗಿದ್ದ ಹಮಾಲರ ಹೆಸರೂ ನನಗೆ ಗೊತ್ತಿರಲಿಲ್ಲ. ಕರಾಚಿಯಲ್ಲಿ ಹತ್ತಿ ತುಂಬಿಸಿದವರಿಗೂ ಮುಂಬಯಿಯ ಚಾಳುಗಳು ಹಾಗೆಯೇ ಕಾಣದಷ್ಟು ದೂರ ಇದ್ದವು.

ಈಗ ಯಾರಾದರೂ ಅರ್ಜೆಂಟ್ ಎಂದರೆ ಕೇಳುತ್ತೇನೆ: ಆ ಜಾಗದಲ್ಲಿ ಇವತ್ತು ಯಾರಿದ್ದಾರೆ, ಅವರಿಗೆ ಹೇಳಿದ್ದೀರಾ? ಕೆಲಸ ಸ್ವಲ್ಪ ತಡವಾಗುತ್ತದೆ, ಬೈಗುಳವೂ ಸಿಗುತ್ತದೆ. ಈ ಏಪ್ರಿಲ್‌ನಲ್ಲಿ ಸೈರನ್ ಕೂಗಿದಾಗ ಮಾತ್ರ, ಚಹಾ ಕಪ್ಪನ್ನು ಮೇಜಿನ ಮೇಲೇ ಇಟ್ಟು ಇಳಿದೆ.