ದಯೆಯೂ ಅರಿವೂ

ಒಬ್ಬರಿಗೆ ಒಳಿತನ್ನು ಮಾಡಹೊರಟವರು ಆ ಒಳಿತನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ತಮ್ಮ ಸುಖದುಃಖಗಳಿಂದಲೋ, ಅಥವಾ ಆ ಒಳಿತನ್ನು ಪಡೆಯತಕ್ಕ ಜೀವಿಯ ಸ್ವಭಾವದಿಂದಲೋ? ತನ್ನಂತೆಯೇ ಇತರರನ್ನೂ ಎಣಿಸಬೇಕೆಂದು ಹಿರಿಯರು ಹೇಳಿದ್ದಾರೆ. ಶಿಕ್ಷಕರಾದ ನಾವು ಅದನ್ನು ಕಪ್ಪುಹಲಗೆಯ ಮೇಲೆ ಬರೆದು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ಆದರೆ ಎದುರಿಗಿರುವ ಜೀವಿಯು ನಮ್ಮಂತೆ ಇಲ್ಲದಿದ್ದರೆ? ಅದರ ಮೈಯೇ ಬೇರೆ, ಅದಕ್ಕೆ ಮಾತೂ ಇಲ್ಲ ಎಂದಾದರೆ? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟದ್ದು ಯಾವ ಗ್ರಂಥವೂ ಅಲ್ಲ, ನಮ್ಮ ಮನೆಯ ನಾಯಿ. ವಾಚಕರು ನಗದೆ ಮುಂದೆ ಓದಬೇಕೆಂದು ವಿನಂತಿ.

ನಮ್ಮ ಯಜಮಾನರ ಸ್ನೇಹಿತರೊಬ್ಬರು ಸೋಲಾಪುರದಿಂದ ವರ್ಗವಾಗಿ ಹೋಗುವಾಗ ತಮ್ಮ ನಾಯಿಯನ್ನು ಅಕ್ಕಲಕೋಟೆ ಸೀಮೆಯ ನಮ್ಮ ಹಳ್ಳಿಮನೆಗೆ ತಂದುಬಿಟ್ಟರು. ಬಿಳಿಯ ನೀಳಗೂದಲು, ಮೊನಚಾದ ಮೂತಿ, ಬೆನ್ನ ಮೇಲೆ ಸುರುಳಿಗೊಂಡ ಬಾಲ. ಹೆಸರು ಬೆಳ್ಳಿ. ಇಂಥದನ್ನು ಜನರು ಪಾಮೇರಿಯನ್ ಎಂದು ಕರೆಯುವರು. ಬಲ್ಲವರು ಭಾರತೀಯ ಸ್ಪಿಟ್ಜ್ ಎನ್ನುವರು. 1994ರಲ್ಲಿ ತೆರೆಕಂಡ 'ಹಮ್ ಆಪ್ಕೆ ಹೈಂ ಕೌನ್' ಎಂಬ ಹಿಂದೀ ಚಿತ್ರದಲ್ಲಿ ಓಡಾಡಿದ ನಾಯಿಯೂ ಇದೇ ಜಾತಿಯದು. ಎರಡರ ಮೂಲವೂ ಯುರೋಪಿನ ಶೀತದೇಶಗಳ ಸ್ಪಿಟ್ಜ್ ನಾಯಿಗಳಲ್ಲಿದೆ. ಪಾಮೇರಿಯಾ ಎಂಬುದು ಬಾಲ್ಟಿಕ್ ಸಮುದ್ರದ ದಕ್ಷಿಣ ತೀರದ ನಾಡು. ಇಂದು ಪೋಲೆಂಡ್ ಮತ್ತು ಜರ್ಮನಿಗಳ ನಡುವೆ ಹಂಚಿಹೋಗಿದೆ. ವಿಕ್ಟೋರಿಯಾ ರಾಣಿಯು 1888ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಿಂದ ಮಾರ್ಕೋ ಎಂಬ ಚಿಕ್ಕ ಗಾತ್ರದ ಪಾಮೇರಿಯನ್ ನಾಯಿಯನ್ನು ತಂದಮೇಲೆ ಚಿಕ್ಕ ನಾಯಿಗಳ ಮೇಲಿನ ಮೋಹ ಹೆಚ್ಚಿತು. ಹೀಗೆ ಮನುಷ್ಯರ ಇಷ್ಟಾನಿಷ್ಟಗಳ ಮೂಸೆಯಲ್ಲಿ ಎರಕಗೊಂಡ ಒಂದು ಜೀವವು, ಬೇಸಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ನಾಡಿಗೆ ಬಂದು ನೆಲೆಸಿತು.

ಏಪ್ರಿಲ್ ತಿಂಗಳಲ್ಲಿ ಬೆಳ್ಳಿಯು ಬಚ್ಚಲಿನ ಕಲ್ಲಿನ ಮೇಲೆ ಹೊಟ್ಟೆಯೂರಿ ಮಲಗಿ ನಾಲಗೆ ಚಾಚಿ ತೇಕತೊಡಗಿತು. ನೋಡಲಾರದೆ ಹೋದೆ. ಈ ಉರಿಯಲ್ಲಿ ನನಗಾರಾದರೂ ಸೋಲಾಪುರದ ಚಾದರವನ್ನು ಹೊದಿಸಿ ಕೂರಿಸಿದರೆ ಹೇಗಿರುತ್ತಿತ್ತು ಎಂದು ಯೋಚಿಸಿದೆ. ಯಜಮಾನರ ಕೂದಲು ಕತ್ತರಿಸುವ ಯಂತ್ರವನ್ನು ತೆಗೆದುಕೊಂಡು, ಒಂದು ತಾಸಿನಲ್ಲಿ ಅದರ ಮೈಯನ್ನು ನಸುಗೆಂಪು ಚರ್ಮ ಕಾಣುವಷ್ಟು ಬೋಳಿಸಿದೆ. ಆ ರಾತ್ರಿ ನನಗೆ ಬಹಳ ನೆಮ್ಮದಿಯ ನಿದ್ರೆ ಬಂದಿತು. ಈಗ ನೆನೆದರೆ ಆ ನೆಮ್ಮದಿಯೇ ನನ್ನನ್ನು ಹೆಚ್ಚು ಬಾಧಿಸುತ್ತದೆ.

ಮೂರು ನಾಲ್ಕು ದಿನಗಳಲ್ಲಿ ಬೆನ್ನ ಚರ್ಮವು ಬಿಸಿಲಿಗೆ ಕೆಂಪಾಗಿ ಸುಲಿಯಿತು. ತೇಕುವುದೇನೂ ನಿಲ್ಲಲಿಲ್ಲ. ಮಳೆಗಾಲ ಬಂದಾಗ ಉಣ್ಣೆಯಂಥ ಒಳಗೂದಲು ಅಲ್ಲಲ್ಲಿ ಚಿಗುರಿತು. ಹೊಳೆಯುವ ಹೊರಗೂದಲು ಬಹುಭಾಗ ಬರಲೇ ಇಲ್ಲ. ತೊಡೆಗಳ ಹಿಂಭಾಗ ಮತ್ತು ಬಾಲದ ಬುಡ ಬೋಳಾಗಿಯೇ ಉಳಿದವು. ಪಶುವೈದ್ಯರು ಪರೀಕ್ಷಿಸಿ, ಇಂಥ ಜಾತಿಯ ನಾಯಿಗಳನ್ನು ಬೋಳಿಸಿದಾಗ ಹೀಗಾಗುವುದುಂಟು, ಕೂದಲು ಮರಳಲು ಕೆಲವಕ್ಕೆ ತಿಂಗಳುಗಳು, ಕೆಲವಕ್ಕೆ ಒಂದೆರಡು ವರ್ಷಗಳೇ ಬೇಕಾಗುವವು, ಕೆಲವಕ್ಕೆ ಮೊದಲಿನಂತೆ ಬರುವುದೇ ಇಲ್ಲ ಎಂದರು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನನ್ನ ತಪ್ಪು ಎಲ್ಲಿತ್ತು? ಕರುಣೆಯಲ್ಲಿ ಅಲ್ಲ, ಆ ಕರುಣೆಗೆ ಉತ್ತರ ಹುಡುಕುವಾಗ ನನ್ನ ಮೈಯನ್ನೇ ಪ್ರಮಾಣವಾಗಿ ಹಿಡಿದುದರಲ್ಲಿ. ಮನುಷ್ಯನ ಮೈಯೆಲ್ಲ ಬೆವರುತ್ತದೆ. ಗಾಳಿಯಾಡಿದರೆ ಬೆವರು ಆರಿ ತಂಪಾಗುತ್ತದೆ. ಆದುದರಿಂದ ಬಟ್ಟೆ ಕಡಿಮೆಯಾದಷ್ಟೂ ನಮಗೆ ಹಿತ. ನಾಯಿಗೆ ಹಾಗೆ ಬೆವರುವುದು ಅಂಗಾಲಿನ ಮೆತ್ತೆಗಳಲ್ಲಿ ಮಾತ್ರ. ಅದು ತನ್ನ ಕಾವನ್ನು ಕಳೆದುಕೊಳ್ಳುವುದು ಮುಖ್ಯವಾಗಿ ತೇಕುವುದರಿಂದ. ಅದರ ಕೂದಲಾದರೋ ಎರಡು ಪದರಗಳದು: ಒಳಗೆ ದಟ್ಟವಾದ ಮೃದು ಕೂದಲು, ಹೊರಗೆ ನೀಳವೂ ಒರಟೂ ಆದ ಕಾವಲುಗೂದಲು. ಈ ಹೊರಪದರವು ಮಳೆಯ ನೀರನ್ನೂ ನೇರ ಬಿಸಿಲನ್ನೂ ಚರ್ಮಕ್ಕೆ ತಾಗಗೊಡುವುದಿಲ್ಲ. ನಮ್ಮ ಕುರುಬರು ಮಳೆಯಲ್ಲಿಯೂ ಬಿಸಿಲಲ್ಲಿಯೂ ಅದೇ ಕಂಬಳಿಯನ್ನು ತಲೆಯ ಮೇಲೆ ಹೊದೆಯುವುದಿಲ್ಲವೆ? ಸುಡುಬಿಸಿಲಲ್ಲಿ ರೈತನ ರುಮಾಲನ್ನು ಕಂಡು, ಪಾಪ ಸೆಕೆಯಾಗುತ್ತಿದೆಯೆಂದು ಕಿತ್ತೆಸೆಯುವವರು ಯಾರಿದ್ದಾರೆ? ನಾನು ಮಾಡಿದ್ದು ಅದನ್ನೇ.

ಇಂಥ ನಾಯಿಗಳು ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಒಳಗೂದಲನ್ನು ಹೇರಳವಾಗಿ ಉದುರಿಸುತ್ತವೆ. ಆದರೆ ಉದುರಿದುದೆಲ್ಲವೂ ಕೆಳಗೆ ಬೀಳುವುದಿಲ್ಲ. ಹೊರಗೂದಲಿನ ನಡುವೆ ಸಿಕ್ಕಿಕೊಂಡು ಗಂಟಾಗಿ ಗಾಳಿಯನ್ನು ತಡೆಯುತ್ತದೆ. ಬೇಸಗೆಯಲ್ಲಿ ಬೆಳ್ಳಿಗೆ ಭಾರವಾಗಿದ್ದುದು ಈ ಸತ್ತ ಕೂದಲು. ಅದಕ್ಕೆ ಬೇಕಾಗಿದ್ದುದು ನೆರಳು, ನೀರು ಮತ್ತು ಬಾಚಣಿಗೆ. ನಾನು ಕೊಟ್ಟದ್ದು ಕತ್ತರಿ. ಕತ್ತರಿಯ ಕೆಲಸ ಒಂದು ತಾಸಿನದು. ಬಾಚಣಿಗೆಯದು ಅದರ ಆಯುಷ್ಯಪರ್ಯಂತದ್ದು. ನನ್ನ ಕರುಣೆಯು ಸುಲಭವಾದ ದಾರಿಯನ್ನೇ ಆರಿಸಿಕೊಂಡಿತೆಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಹಿಕ್ಕುವುದನ್ನು ನಾನು ಕಲಿತದ್ದು ನಮ್ಮ ಅತ್ತೆಯವರಿಂದ. ಮಡಿಯವರಾದ ಅವರು ನಾಯಿಯನ್ನು ಮುಟ್ಟುವವರಲ್ಲ. ಮನುಷ್ಯರ ತಲೆ ಹಿಕ್ಕಲು ಪುರಸತ್ತಿಲ್ಲದ ಸೊಸೆಯು ನಾಯಿಯ ಮೈ ಹಿಕ್ಕುತ್ತ ಕುಳಿತಿರುವಳೆಂದು ಮೊದಲು ಗೊಣಗಿದರು. ಆದರೆ ನಾನು ಬುಡದಿಂದಲೇ ಎಳೆಯುವುದನ್ನೂ ಬೆಳ್ಳಿಯು ಕುಂಯಿಗುಡುವುದನ್ನೂ ಕಂಡು ತಡೆಯಲಾರದೆ ಪಡಸಾಲೆಯಿಂದಲೇ, "ಬುಡಾ ಗಟ್ಟಿಯಾಗಿ ಹಿಡಕೊಂಡು ಹಿಕ್ಕವಾ, ತುದೀಲಿಂದ ಬಿಡಿಸ್ಕೋತ ಬಾ" ಎಂದರು. ಮೊಮ್ಮಗಳ ಸಿಕ್ಕುಗಳನ್ನು ಅವರು ಬಿಡಿಸುವ ಕ್ರಮವೇ ಅದು. ಬುಡವನ್ನು ಬೆರಳುಗಳ ನಡುವೆ ಹಿಡಿದರೆ ಸೆಳೆತವು ಚರ್ಮಕ್ಕೆ ತಲುಪದು. ಮಿಕ್ಕುದನ್ನು ಕಾಲಕ್ರಮದಲ್ಲಿ ಕಲಿತೆ. ಒಣಗಿದ ಕೂದಲು ತುಂಡಾಗುತ್ತದೆಯಾದ್ದರಿಂದ ಮೊದಲು ನೀರನ್ನು ತುಂತುರಾಗಿ ಸಿಂಪಡಿಸಬೇಕು. ಮೇಲೆ ಮೇಲೆ ಸವರಿದರೆ ಹೊರಗೆ ಹೊಳಪು, ಒಳಗೆ ಗಂಟು. ಆದುದರಿಂದ ಒಂದು ಕೈಯಿಂದ ಕೂದಲನ್ನು ಮೇಲಕ್ಕೆ ಸರಿಸಿ, ಚರ್ಮವು ಗೆರೆಯಂತೆ ಕಾಣುವ ಹಾಗೆ ಬೈತಲೆ ತೆಗೆದು, ಪದರ ಪದರವಾಗಿ ತಂತಿಹಲ್ಲಿನ ಬ್ರಷ್ಷಿನಿಂದಲೂ ಆಮೇಲೆ ಉಕ್ಕಿನ ಬಾಚಣಿಗೆಯಿಂದಲೂ ಹಿಕ್ಕಬೇಕು. ಕಿವಿಯ ಹಿಂದೆ, ಮುಂಗಾಲುಗಳ ಕಂಕುಳಲ್ಲಿ, ತೊಡೆಯ ಹಿಂದೆ ಗಂಟುಗಳು ಅಡಗಿರುತ್ತವೆ, ಉಣ್ಣೆಗಳೂ ಅಲ್ಲಿಯೇ. ಗಂಟು ಬಿಡಿಸದೆ ಮೀಯಿಸಿದರೆ ಅದು ಒದ್ದೆಯಾಗಿ ಇನ್ನಷ್ಟು ಬಿಗಿಯುತ್ತದೆ. ಕಂಬಳಿ ನೇಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗಂಟಿನ ಬುಡಕ್ಕೆ ಕತ್ತರಿ ಹಾಕುವುದಂತೂ ಅಪಾಯ, ಏಕೆಂದರೆ ತೆಳುಚರ್ಮವು ಗಂಟಿನೊಳಕ್ಕೆ ಎಳೆಯಲ್ಪಟ್ಟು ಕೂದಲಿನೊಡನೆ ಕತ್ತರಿಗೆ ಸಿಕ್ಕುತ್ತದೆ. ವಾರಕ್ಕೆ ಎರಡು ಮೂರು ಸಲ. ಉದುರುವ ಕಾಲದಲ್ಲಿ ದಿನವೂ. ಒಂದು ಬುಟ್ಟಿ ತುಂಬ ಕೂದಲು ಬರುತ್ತದೆ. ಅದನ್ನು ಗುಬ್ಬಿಗಳು ಒಯ್ಯುತ್ತವೆ.

ಒಂದು ಸಂಜೆ ಲೆಕ್ಕ ಹೇಳಿಸಿಕೊಳ್ಳಲು ಬಂದಿದ್ದ ಹುಡುಗನೊಬ್ಬನು ಇದನ್ನು ನೋಡುತ್ತ ನಿಂತು ಕೇಳಿದ: "ಅದಕ್ಕ ನೋವಾಗತೈತಿ ಅಂತ ಗೊತ್ತಿದ್ರೂ ಯಾಕ ಹಿಕ್ಕತೀರಿ ಅಕ್ಕೋರ?" ನಾಲ್ಕನೆಯ ಇಯತ್ತೆಯ ಬಾಲಕನ ಈ ಪ್ರಶ್ನೆಗೆ ನಾನು ಆಗ ತಕ್ಕ ಉತ್ತರ ಕೊಡಲಿಲ್ಲ. ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಮೂರನೆಯ ಕಲಮು, ಪ್ರಾಣಿಯನ್ನು ತನ್ನ ವಶದಲ್ಲಿ ಇಟ್ಟುಕೊಂಡವನು ಅದರ ಕ್ಷೇಮಕ್ಕಾಗಿಯೂ ಅದಕ್ಕೆ ಅನಗತ್ಯ ನೋವಾಗದಂತೆಯೂ ಸಕಲ ಯುಕ್ತ ಕ್ರಮಗಳನ್ನು ಕೈಗೊಳ್ಳಬೇಕೆಂದು ವಿಧಿಸುತ್ತದೆ. 'ಅನಗತ್ಯ' ಎಂಬ ಆ ಒಂದು ಪದದಲ್ಲಿಯೇ ಇಡೀ ತತ್ತ್ವವಿದೆ. ಯಾವ ನೋವು ಅಗತ್ಯ, ಯಾವುದು ಅಲ್ಲ? ಹಿಕ್ಕದೆ ಬಿಟ್ಟರೆ ಗಂಟುಗಳು ಪ್ರತಿ ಹೆಜ್ಜೆಗೂ ಚರ್ಮವನ್ನು ಜಗ್ಗುತ್ತವೆ. ಕೈಯನ್ನು ದೂರವಿಟ್ಟ ಮಾತ್ರಕ್ಕೆ ನಾನು ನಿರ್ದೋಷಿಯಾಗುವುದಿಲ್ಲ. ಹಾಗೆಂದು ನನ್ನ ಅವಸರದಿಂದ ಹುಟ್ಟುವ ನೋವನ್ನು ಅದರ ಹಿತದ ಲೆಕ್ಕಕ್ಕೆ ಬರೆಯುವುದು ಕಳ್ಳಲೆಕ್ಕ. ಬೆಳ್ಳಿಯು ತುಟಿ ನೆಕ್ಕಿಕೊಳ್ಳುತ್ತದೆ, ಮುಖ ತಿರುಗಿಸುತ್ತದೆ, ಮೈ ಸೆಟೆಸುತ್ತದೆ. ಇವು ಅದರ ಮಾತುಗಳು. ಹಿಕ್ಕಬೇಕೋ ಬೇಡವೋ ಎಂಬುದನ್ನು ನಿರ್ಣಯಿಸುವ ಅಧಿಕಾರವನ್ನು ನಾನು ಅದಕ್ಕೆ ಕೊಟ್ಟಿಲ್ಲ. ಇಂದಿಗೆ ಎಷ್ಟು ಸಾಕು ಎಂಬುದನ್ನು ಮಾತ್ರ ಅದಕ್ಕೇ ಬಿಟ್ಟಿದ್ದೇನೆ.

ಬೀದಿಯ ನಾಯಿಯನ್ನು ಯಾರು ಹಿಕ್ಕುತ್ತಾರೆ, ಇದೆಲ್ಲ ಉಳ್ಳವರ ಷೋಕಿ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಬೀದಿನಾಯಿಯ ತೆಳ್ಳನೆಯ ಕೂದಲನ್ನು ಈ ನೆಲವೂ ಈ ಬಿಸಿಲೂ ರೂಪಿಸಿವೆ. ಬೆಳ್ಳಿಯ ಕೂದಲನ್ನು ಈ ಪರಿ ಬೆಳೆಸಿದ್ದರಲ್ಲಿ ಮನುಷ್ಯನ ಚಪಲದ ಪಾಲು ಇದೆ. ತನ್ನನ್ನು ತಾನೇ ನೋಡಿಕೊಳ್ಳಲಾರದಂತೆ ಮಾಡಿದವರ ಮೇಲೆ ಅದರ ಋಣವೂ ಇದೆ. ಮಂಡ್ಯ ಜಿಲ್ಲೆಯ ಆತಕೂರಿನ ಸುಮಾರು ಕ್ರಿ.ಶ. 950ರ ಶಾಸನವನ್ನು ವಾಚಕರು ಬಲ್ಲರು. ಗಂಗರ ಇಮ್ಮಡಿ ಬೂತುಗನಿಂದ ಮಣಲೇರನು ಪಡೆದ ಕಾಳಿ ಎಂಬ ಬೇಟೆನಾಯಿಯು ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನನಗೆ ಹಿಡಿಸಿದ್ದು ಅದರ ಕೊನೆಯ ಕರಾರು: ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡ ಪೂಜಾರಿಗೆ ಪಾಪ ತಟ್ಟುವುದೆಂಬುದು. ಒಂದು ದಿನದ ಶೌರ್ಯಕ್ಕೆ ಅವರು ದಿನನಿತ್ಯದ ಸೇವೆಯನ್ನು ಕಟ್ಟಿಹಾಕಿದರು.

ಇನ್ನೊಂದು ಸಂಗತಿಯನ್ನು ಬರೆಯದೆ ಬಿಟ್ಟರೆ ಈ ಲೇಖನವು ಪ್ರಾಮಾಣಿಕವಾಗದು. ಬೆಳ್ಳಿ ಬರುವುದಕ್ಕೆ ಎರಡು ವರ್ಷ ಮೊದಲು ನನ್ನ ತರಗತಿಯಲ್ಲಿ ಒಬ್ಬ ಬಾಲಕಿಯಿದ್ದಳು. ತಾಯಿ ಕಬ್ಬು ಕಡಿಯಲು ಹೋಗಿದ್ದಳು. ಹುಡುಗಿ ಅಜ್ಜಿಯ ಬಳಿ ಉಳಿದಿದ್ದಳು. ತಲೆಯ ತುಂಬ ಹೇನು, ಸಿಕ್ಕು. ಪಾಪ, ಎಷ್ಟು ತುರಿಕೆಯೋ ಎಂದು ನಾನೇ ಅಜ್ಜಿಯನ್ನು ಕರೆಸಿ, ಕೂದಲನ್ನು ಪೂರ್ತಿಯಾಗಿ ತೆಗೆಸಿಬಿಡಿರೆಂದು ಹೇಳಿದೆ. ತೆಗೆಸಿದರು. ಮೊಳಕ್ಕೂ ಉದ್ದವಾದ ಜಡೆ ಅದು. ಆ ಮೇಲೆ ಅವಳು ತಲೆಗೆ ಟವೆಲ್ಲು ಸುತ್ತಿಕೊಂಡು ಬರುತ್ತಿದ್ದಳು. ಪ್ರಾರ್ಥನೆಯ ಸಾಲಿನಲ್ಲಿ ಮುಂದೆ ನಿಲ್ಲುತ್ತಿದ್ದವಳು ಹಿಂದಕ್ಕೆ ಸರಿದಳು. ಪದ್ಯ ಹೇಳಲು ಏಳಲೊಲ್ಲಳಾದಳು. ಹಂಗಾಮು ಮುಗಿದು ತಾಯಿ ಮರಳಿದಾಗ ಜಗಳವಾಡಲಿಲ್ಲ. ಮಗಳ ತಲೆಯ ಮೇಲೆ ಕೈಯಾಡಿಸುತ್ತ, "ನಾ ಬರೋತನಕ ತಡೀಬೇಕಿತ್ರಿ ಅಕ್ಕೋರ" ಎಂದಳು, ಅಷ್ಟೆ. ದಿನವೂ ಅರ್ಧ ತಾಸು ಸೀರಣಿಗೆಯನ್ನು ಹಿಡಿದು ಕೂರುವವರು ಆ ಮಗುವಿಗೆ ಬೇಕಾಗಿದ್ದರು. ಆ ಅರ್ಧ ತಾಸು ನನ್ನಲ್ಲಿ ಇರಲಿಲ್ಲವೆಂದಲ್ಲ. ಆ ತಾಯಿಯ ಮಾತು ನನಗೆ ಅರ್ಥವಾದುದು ಎರಡು ವರ್ಷಗಳ ತರುವಾಯ, ನಾಯಿಯ ಬೆನ್ನಿಗೆ ಮುಲಾಮು ಹಚ್ಚುತ್ತಿದ್ದಾಗ.

ಆ ಬಾಲಕಿ ಈಗ ಬೇರೆ ಊರಿನ ಶಾಲೆಯಲ್ಲಿದ್ದಾಳೆ. ಜಡೆ ಮತ್ತೆ ಬೆಳೆದಿದೆಯೆಂದು ಅವಳ ಅಜ್ಜಿ ಸಂತೆಯಲ್ಲಿ ಸಿಕ್ಕಾಗ ಹೇಳಿದರು. ಬೆಳ್ಳಿಯ ಬಾಲದ ಬುಡದಲ್ಲಿ ಮಾತ್ರ ಅಂಗೈಯಗಲದ ಬೋಳುಜಾಗ ಇನ್ನೂ ಉಳಿದಿದೆ. ಸಂಜೆ ಊಟಕ್ಕೆ ಮೊದಲು ಹಿಕ್ಕುತ್ತ ಆ ಜಾಗಕ್ಕೆ ಬಂದಾಗ ಬಾಚಣಿಗೆಯನ್ನು ಕೆಳಗಿಟ್ಟು ಬರಿಗೈಯಿಂದ ಸವರುತ್ತೇನೆ.